ಪ್ಲಂಬರನ ಮನೆಯ ಮಲಗದ ಸರ್ವರ್

ಪ್ಲಂಬರನ ಮನೆಗೆ ಹೊಸದಾಗಿ ಹೋದವರು ಕುರ್ಚಿಯಲ್ಲಿ ಕೂತು, ಒಂದೆರಡು ಸಲ ಕಿವಿ ನಿಮಿರಿಸಿ, ಆಮೇಲೆ ಸಂಕೋಚದಿಂದ ಕೇಳುತ್ತಿದ್ದರು: "ಒಳಗೆ ಯಾರೋ ವ್ಯಾಕ್ಯೂಮ್ ಕ್ಲೀನರ್ ಹಾಕಿ ಮರೆತಿದ್ದಾರೇನೋ?"

"ಅದು ನಮ್ಮ ದೊಡ್ಡವರು," ಎನ್ನುತ್ತಿದ್ದಳು ಅವನ ಹೆಂಡತಿ, ಟೀ ಲೋಟ ಮುಂದಿಡುತ್ತ. "ಹಗಲೂ ಇಲ್ಲ, ಇರುಳೂ ಇಲ್ಲ, ಎದ್ದೇ ಇರ್ತಾರೆ. ಮಲಗೋದು ಅವರ ಹಣೇಲಿ ಬರೆದಿಲ್ಲ."

ದೊಡ್ಡವರೆಂದರೆ ಒಂದು ಸರ್ವರ್. ಪೊರಕೆ, ಹಳೆ ಟ್ರಂಕು, ಮುರಿದ ಛತ್ರಿಗಳೆಲ್ಲ ಇರುತ್ತಿದ್ದ ಸಾಮಾನು ಕೋಣೆಯನ್ನು ಪೂರ್ತಿ ಆಕ್ರಮಿಸಿಕೊಂಡು ಕೂತಿದ್ದ, ಶವಪೆಟ್ಟಿಗೆಯಷ್ಟು ಉದ್ದದ ಕಂಪ್ಯೂಟರ್. ಮುಚ್ಚಿಹೋದ ಇನ್ಶೂರೆನ್ಸ್ ಕಚೇರಿಯೊಂದರಲ್ಲಿ ನಲ್ಲಿ, ಬೇಸಿನ್ ಬಿಚ್ಚಲು ಹೋದ ಪ್ಲಂಬರ್ ಅದನ್ನು ಕೂಲಿಯ ಬದಲಿಗೆ ಹೊತ್ತು ತಂದಿದ್ದ. ಎರಡನೇ ಮಹಡಿಗೆ ಹತ್ತಿಸುವಾಗ ಸೊಂಟ ಹಿಡಿದುಕೊಂಡಿತ್ತು. ಆ ಸೊಂಟನೋವನ್ನು ಅವನು ಯುದ್ಧದಲ್ಲಿ ಆದ ಗಾಯದ ಹಾಗೆ ಆಗಾಗ ನೆನಪಿಸುತ್ತಿದ್ದ.

"ಇದು ಏನು ಮಾಡುತ್ತೆ?" ಎಂದು ಕೇಳಿದವರಿಗೆ ಅವನು ತನ್ನ ಭಾಷೆಯಲ್ಲೇ ಹೇಳುತ್ತಿದ್ದ. "ಮನೆ ಮೇಲೆ ನೀರಿನ ಟ್ಯಾಂಕ್ ಇಲ್ವಾ? ಹಾಗೇ. ಫೋಟೋ, ಹಾಡು, ಸಿನಿಮಾ, ಎಲ್ಲ ಇದರಲ್ಲಿ ತುಂಬಿಟ್ಟಿದ್ದೀನಿ. ಯಾವ ಕೋಣೇಲಿ ಬೇಕೋ ಅಲ್ಲಿ ನಲ್ಲಿ ತಿರುಗಿಸಿದರೆ ಬರುತ್ತೆ."

ಟ್ಯಾಂಕ್ ಎಂದ ಮೇಲೆ ಪೈಪು ಬೇಡವೇ? ಮನೆಯ ಉದ್ದಗಲಕ್ಕೂ ಕೇಬಲ್ ಎಳೆದ. ವೀಡಿಯೋ ನೋಡಿ ಕಲಿತ ವಿದ್ಯೆ, ಕೈ ಮಾತ್ರ ಪ್ಲಂಬರನದು. ಗೋಡೆಯ ಮೇಲೆ ಪ್ರತಿ ಗೇಣಿಗೊಂದು ಕ್ಲಿಪ್ಪು, ಮೂಲೆ ಮೂಲೆಗೆ ಬಾಗಿದ ಕೊಳವೆ. ನೋಡಿದವರಿಗೆ ಅದರೊಳಗೆ ಬಿಸಿನೀರು ಹರಿಯುತ್ತದೆ ಅನ್ನಿಸಬೇಕು, ಹಾಗೆ.

"ಅಪ್ಪಾ, ಕೇಬಲ್‌ಗೆ ಇಳಿಜಾರು ಯಾಕೆ ಕೊಟ್ಟಿದ್ದೀರಿ?" ಎಂದಳು ಕಾಲೇಜಿಗೆ ಹೋಗುವ ಮಗಳು.

ಅವನು ಏಣಿಯ ಮೇಲಿಂದ ಕೆಳಗೆ ನೋಡಿದ. ಕೊಟ್ಟಿದ್ದು ಅವನಿಗೇ ಗೊತ್ತಿರಲಿಲ್ಲ. "ಅಭ್ಯಾಸಬಲ," ಎಂದ.

ಬಚ್ಚಲುಮನೆಯಲ್ಲಿಯೂ ಒಂದು ನೆಟ್‌ವರ್ಕ್ ಸಾಕೆಟ್ ಇತ್ತು. ಹೇಗೂ ಗೋಡೆ ಕೊರೆದಿತ್ತಲ್ಲ ಎಂದು ಹಾಕಿದ್ದು. ಒಂದು ಇಡೀ ಸಿನಿಮಾ ಸಾಮಾನು ಕೋಣೆಯಿಂದ ಬಚ್ಚಲಿಗೆ, ಒಬ್ಬ ಮನುಷ್ಯ ಎರಡು ಸಲ ಸೀನಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಹೋಗಿ ಮುಟ್ಟುತ್ತಿತ್ತು. ಬಚ್ಚಲಲ್ಲಿ ಅದನ್ನು ಬರಮಾಡಿಕೊಳ್ಳಲು ಕಂಪ್ಯೂಟರ್ ಮಾತ್ರ ಇರಲಿಲ್ಲ.

ಇಷ್ಟಕ್ಕೂ ಅವನ ನಿಜವಾದ ಹೆಮ್ಮೆ ವೇಗದ್ದಲ್ಲ. ಆ ಯಂತ್ರವನ್ನು ಶುರುಮಾಡಿದ ದಿನದಿಂದ ಇವತ್ತಿನವರೆಗೆ ಒಂದು ಗಳಿಗೆಯೂ ನಿಂತಿಲ್ಲ ಎನ್ನುವುದು ಅವನ ಹೆಮ್ಮೆ. ಅದು ಎಷ್ಟು ದಿನದಿಂದ ಎದ್ದಿದೆ ಎಂದು ತೋರಿಸುವ ಒಂದು ಸಾಲು ಪರದೆಯ ಮೇಲೆ ಬರುತ್ತಿತ್ತು. ಬೆಳಗ್ಗೆ ಹಲ್ಲುಜ್ಜುತ್ತ ಅದನ್ನೊಮ್ಮೆ ನೋಡದಿದ್ದರೆ ಅವನಿಗೆ ಬಾಯಿ ಮುಕ್ಕಳಿಸಿದ ಸಮಾಧಾನ ಸಿಗುತ್ತಿರಲಿಲ್ಲ. ದೇವರು ನಿದ್ದೆಯನ್ನು ಅರಸ ಆಳು ಎನ್ನದೆ ಎಲ್ಲರಿಗೂ ಸಮನಾಗಿ ಕೊಟ್ಟ. ಅದನ್ನು ಒಲ್ಲೆ ಎನ್ನುವಂಥದ್ದೊಂದನ್ನು ಈ ಮನುಷ್ಯ ಹುಡುಕಿ ತಂದು ಮನೆಯೊಳಗೆ ಇಟ್ಟುಕೊಂಡಿದ್ದ.

ಅದೇ ಮನೆಯಲ್ಲಿ, ಓಣಿಯ ಕಡೆಯ ಕೋಣೆಯಲ್ಲಿ, ಅವನ ಹೆಂಡತಿಯ ಚಿಕ್ಕಮ್ಮ ಇದ್ದರು. ಬಸ್ ಡಿಪೋದಲ್ಲಿ ವೇಳೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ತಡವಾಗಿ ಬಂದ ಡ್ರೈವರುಗಳು ಬಸ್ಸನ್ನು ಗೇಟಿನ ಹೊರಗೇ ನಿಲ್ಲಿಸಿ, ಅವರು ಟೀ ಕುಡಿಯಲು ಏಳುವುದನ್ನೇ ಕಾಯುತ್ತಿದ್ದರಂತೆ, ಅಷ್ಟು ಖಾರದ ನಾಲಿಗೆ. ತಾಯಿಯಿಲ್ಲದ ಹುಡುಗಿಯನ್ನು ಸಾಕಿ ಬೆಳೆಸಿ ಪ್ಲಂಬರನಿಗೆ ಕೊಟ್ಟವರು ಅವರೇ. ಕೊಟ್ಟ ವಸ್ತು ಚೆನ್ನಾಗಿದೆಯೋ ಇಲ್ಲವೋ ನೋಡಿಕೊಳ್ಳಲು ಹಿಂದೆಯೇ ಬಂದು ಉಳಿದವರು. ಅವರ ಜೊತೆಗೆ ಬಂದದ್ದು ಒಂದು ಹಾಸಿಗೆ, ಒಂದು ಟ್ರಂಕು, ಮತ್ತು ಒಂದು ದೊಡ್ಡ ಮೀನಿನ ತೊಟ್ಟಿ.

ಬಿಸಿ ದೇಶದ ಮೀನುಗಳು. ನೀರು ತಣ್ಣಗಾದರೆ ಸೊರಗುತ್ತವೆ. ಹಾಗಾಗಿ ತೊಟ್ಟಿಯೊಳಗೆ ನೀರು ಬೆಚ್ಚಗಿಡುವ ಒಂದು ಗಾಜಿನ ಹೀಟರ್, ಗುಳ್ಳೆ ಬಿಡುವ ಒಂದು ಪಂಪು. ಮೀನುಗಳಿಗೆಲ್ಲ ಡಿಪೋದ ಹುದ್ದೆಗಳೇ ಹೆಸರು. ಎಲ್ಲರಿಗಿಂತ ದಪ್ಪಗಿದ್ದು, ಕೆಲಸವಿಲ್ಲದೆ ತೇಲುತ್ತ, ಊಟಕ್ಕೆ ಮಾತ್ರ ಮೊದಲು ಬರುವ ಕೆಂಪು ಮೀನು ಮ್ಯಾನೇಜರ್. ಅದರ ಬಾಲ ಹಿಡಿದೇ ಓಡಾಡುವ ಎರಡು ಸಣ್ಣವು ಯೂನಿಯನ್ ಲೀಡರುಗಳು.

ಹೀಗಿರುವಾಗ ವಿದ್ಯುತ್ ಬಿಲ್ಲು ಏರತೊಡಗಿತು. ಮೊದಲು ಕೆಮ್ಮಿನ ಹಾಗೆ, ಆಮೇಲೆ ಜ್ವರದ ಹಾಗೆ. ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಡತಿ, ಜನರ ಕೋಟಿನ ಮೇಲಿನ ಕಲೆ ನೋಡಿಯೇ ಅವರು ಎಲ್ಲಿ ಊಟ ಮಾಡಿದರು ಎಂದು ಹೇಳಬಲ್ಲವಳು, ಬಿಲ್ಲನ್ನು ದೀಪದ ಕೆಳಗೆ ಹಿಡಿದು ನೋಡಿದಳು.

"ರೀ, ನಾವೇನು ಮನೆಯೊಳಗೆ ಕಾರ್ಖಾನೆ ನಡೆಸ್ತಿದ್ದೀವಾ?"

"ನೋಡೋಣ ತಾಳು. ಕಳ್ಳ ಯಾರು ಅಂತ ಕಂಡುಹಿಡೀತೀನಿ," ಎಂದ ಪ್ಲಂಬರ್.

ಮಾರನೆಯ ದಿನ ಒಂದು ಪುಟ್ಟ ಮೀಟರ್ ತಂದ. ಗೋಡೆಯ ಪ್ಲಗ್ಗಿಗೂ ಯಂತ್ರದ ವೈರಿಗೂ ನಡುವೆ ಸಿಕ್ಕಿಸಿದರೆ ಆ ಯಂತ್ರ ಎಷ್ಟು ಕರೆಂಟು ಕುಡಿಯುತ್ತದೆ ಎಂದು ತೋರಿಸುವಂಥದ್ದು. ಅದನ್ನು ಹಿಡಿದುಕೊಂಡು ಮನೆಯಲ್ಲಿ ತಪಾಸಣೆ ಶುರುವಾಯಿತು. ಫ್ರಿಜ್ಜು, ಟಿವಿ, ಇಸ್ತ್ರಿಪೆಟ್ಟಿಗೆ, ಮಗಳ ಹೇರ್ ಡ್ರೈಯರ್, ಕೊನೆಗೆ ಹೆಂಡತಿಯ ಹಲ್ಲುಜ್ಜುವ ಬ್ರಷ್ಷಿನ ಚಾರ್ಜರ್ ಕೂಡ ಬಿಡಲಿಲ್ಲ. ಮಗಳ ಕೂದಲು ಅರ್ಧ ಒಣಗಿ ಅರ್ಧ ಒದ್ದೆಯಾಗಿಯೇ ಕಾಲೇಜಿಗೆ ಹೋಯಿತು.

"ನಮ್ಮ ಡಿಪೋದಲ್ಲೂ ಒಬ್ಬ ಇದ್ದ," ಎಂದರು ಚಿಕ್ಕಮ್ಮ, ಯಾರಿಗೂ ಅಲ್ಲ ಎನ್ನುವ ಹಾಗೆ. "ಕೈಗೊಂದು ಟಾರ್ಚ್ ಕೊಟ್ಟಿದ್ದರು. ಹಗಲಲ್ಲೂ ಹಿಡ್ಕೊಂಡು ತಿರುಗ್ತಿದ್ದ."

ಇಡೀ ಮನೆಯಲ್ಲಿ ಅವನು ಅಳೆಯದೆ ಬಿಟ್ಟದ್ದು ಒಂದನ್ನೇ. ಮೀಟರ್ ಸಿಕ್ಕಿಸಬೇಕಾದರೆ ಮೊದಲು ಪ್ಲಗ್ ಕೀಳಬೇಕು. ಪ್ಲಗ್ ಕಿತ್ತರೆ ದೊಡ್ಡವರು ನಿಲ್ಲುತ್ತಾರೆ. ನಿಂತರೆ ಪರದೆಯ ಮೇಲಿನ ಆ ಸಾಲು ಮತ್ತೆ ಸೊನ್ನೆಯಿಂದ. ಅದು ಅವನಿಂದ ಆಗದ ಮಾತು. ಜೊತೆಗೊಂದು ಭಯವೂ ಇತ್ತು. ಬಹಳ ಕಾಲ ನಿಲ್ಲದೆ ತಿರುಗಿದ ಹಳೆಯ ಡಿಸ್ಕುಗಳು ಒಮ್ಮೆ ನಿಂತು ತಣ್ಣಗಾದರೆ ಮತ್ತೆ ತಿರುಗುತ್ತವೆ ಎಂಬ ಭರವಸೆಯಿಲ್ಲ, ಎಂದು ಎಲ್ಲೋ ಓದಿದ್ದ. ಹಾಗಾಗಿ ಆ ಕೋಣೆಯ ಮುಂದೆ ಬಂದಾಗೆಲ್ಲ ಮೀಟರನ್ನು ಜೇಬಿಗಿಳಿಸಿ, ಸಾಹೇಬರ ಬಾಗಿಲ ಮುಂದೆ ಹಾದುಹೋಗುವ ಜವಾನನಂತೆ ದಾಟಿಹೋಗುತ್ತಿದ್ದ.

ಆಮೇಲೆ ಮೀನಿನ ತೊಟ್ಟಿಗೆ ಹತ್ತು ನಿಮಿಷ ಮೀಟರ್ ಹಾಕಿದ. ಚಳಿಯ ಬೆಳಗು. ಹೀಟರ್ ಕೆಂಪು ದೀಪ ಹೊತ್ತಿಸಿಕೊಂಡು ನೀರು ಕಾಯಿಸುತ್ತಿತ್ತು. ಮೀಟರ್ ಮುನ್ನೂರು ವ್ಯಾಟ್ ತೋರಿಸಿತು. ಪ್ಲಂಬರನ ಮುಖ ಅರಳಿತು. ಅದನ್ನು ಇಪ್ಪತ್ತನಾಲ್ಕು ಗಂಟೆಯಿಂದ ಗುಣಿಸಿದ. ದಿನಕ್ಕೆ ಏಳು ಯೂನಿಟ್ಟಿನ ಮೇಲೆ! ಏಳು ಫ್ರಿಜ್ಜು ಇಟ್ಟುಕೊಂಡ ಹಾಗೆ!

"ಸಿಕ್ಕಿಬಿದ್ದ ಕಳ್ಳ," ಎಂದು ಊಟದ ಮೇಜಿನ ಮುಂದೆ ಘೋಷಿಸಿದ. "ಚಿಕ್ಕತ್ತೆ, ಬೇಜಾರು ಮಾಡ್ಕೋಬೇಡಿ. ಈ ಮೀನುಗಳು ನಮ್ಮನ್ನ ತಿಂದು ಹಾಕ್ತಿವೆ. ತೊಟ್ಟಿ ಯಾರಿಗಾದರೂ ಕೊಟ್ಟುಬಿಡೋಣ."

ಚಿಕ್ಕಮ್ಮ ಚಮಚ ಕೆಳಗಿಟ್ಟರು. "ಅಳಿಯಂದಿರು ಹೇಳಿದ ಮೇಲೆ ಆಯ್ತು. ಮೀನು ಹೋದ ಕಡೆ ನಾನೂ ಹೋಗ್ತೀನಿ. ಭಾನುವಾರ ತಂಗಿ ವ್ಯಾನ್ ಕಳಿಸ್ತಾಳೆ."

"ಅಯ್ಯೋ, ನಿಮ್ಮನ್ನಲ್ಲ ನಾನು ಹೇಳಿದ್ದು..."

"ಮ್ಯಾನೇಜರನ್ನ ಬಿಟ್ಟು ಸಿಬ್ಬಂದಿ ಎಲ್ಲಿ ಇರ್ತಾರಪ್ಪ?"

ಹೆಂಡತಿ ಬೈದಿದ್ದರೆ ಪ್ಲಂಬರನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಎತ್ತಿಕೊಂಡು ಹೋಗಿ, ಅಡಿಗೆಮನೆಯಲ್ಲಿ ನಲ್ಲಿ ಪೂರ್ತಿ ಬಿಟ್ಟು ನಿಂತಳು. ಆ ನೀರಿನ ಸದ್ದಿನ ಕೆಳಗೆ ಅವಳು ಅಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಅವಳನ್ನು ಎತ್ತಿ ಬೆಳೆಸಿದ ಹೆಂಗಸು ಮುಪ್ಪಿನಲ್ಲಿ ಟ್ರಂಕು ಹೊತ್ತು ತಂಗಿಯ ಮನೆಗೆ ಹೋಗುವುದು, ಅದೂ ಕರೆಂಟಿನ ಕಾರಣಕ್ಕೆ. ಆದರೆ ಲೆಕ್ಕ ಲೆಕ್ಕವೇ ಅಲ್ಲವೇ? ಮೀಟರ್ ಸುಳ್ಳು ಹೇಳುತ್ತದೆಯೇ?

ಶುಕ್ರವಾರ ಸಂಜೆ ಚಿಕ್ಕಮ್ಮ ಟ್ರಂಕಿನಲ್ಲಿ ಸೀರೆ ಮಡಿಸಿಡುತ್ತ, ಬಾಗಿಲಲ್ಲಿ ಹಿಂದೆ ಮುಂದೆ ನೋಡುತ್ತಿದ್ದ ಅಳಿಯನನ್ನು ಕರೆದರು.

"ಬನ್ನಿ, ಕೂತ್ಕೊಳ್ಳಿ. ಒಂದು ಮಾತು ಕೇಳ್ತೀನಿ. ಯಾರದೋ ಮನೇಲಿ ನೀರಿನ ಬಿಲ್ಲು ಜಾಸ್ತಿ ಬಂತು ಅಂತಿಟ್ಕೊಳ್ಳಿ. ಸೋರಿಕೆ ಎಲ್ಲಿ ಅಂತ ಹೇಗೆ ಹುಡುಕ್ತೀರಿ?"

ಕೆಲಸದ ಮಾತು ಬಂದ ಕೂಡಲೆ ಪ್ಲಂಬರನ ಬೆನ್ನು ನೆಟ್ಟಗಾಯಿತು. "ಅದೇನು ಮಹಾ! ಮನೆಯ ನಲ್ಲಿ ಎಲ್ಲಾ ಮುಚ್ಚಿಸ್ತೀನಿ. ಒಂದೂ ಬಿಡದ ಹಾಗೆ. ಆಮೇಲೆ ಹೊರಗೆ ಹೋಗಿ ಮೀಟರ್ ನೋಡ್ತೀನಿ. ಮುಳ್ಳು ತಿರುಗ್ತಾ ಇದ್ದರೆ ಎಲ್ಲೋ ಸೋರ್ತಿದೆ ಅಂತ ಅರ್ಥ."

"ಓಹೋ. ಕರೆಂಟಿಗೂ ಹಾಗೇ ಮಾಡಬಹುದಾ?"

"ಮಾಡಬಹುದು," ಎಂದವನು ಅಲ್ಲಿಗೇ ನಿಂತ. ತಾನು ಹಾಕಿದ ಪೈಪಿನೊಳಗೆ ತಾನೇ ಸಿಕ್ಕಿಕೊಂಡ ಮುಖ.

"ಮಗಳೇ!" ಎಂದು ಪ್ಲಂಬರನ ಹೆಂಡತಿಯನ್ನು ಕೂಗಿದರು ಚಿಕ್ಕಮ್ಮ. "ಎಲ್ಲ ಆರಿಸಿ ಬಾ. ಫ್ರಿಜ್ಜೂ ಸೇರಿ. ನಾನು ನನ್ನ ಡಿಪೋ ಬಂದ್ ಮಾಡ್ತೀನಿ." ತಾವೇ ಬಗ್ಗಿ ಹೀಟರ್, ಪಂಪು ಎರಡನ್ನೂ ಆರಿಸಿದರು. ಗುಳ್ಳೆಗಳು ನಿಂತವು. ಮ್ಯಾನೇಜರ್ ಗಾಜಿಗೆ ಮೂಗು ಒತ್ತಿಕೊಂಡು ಬಂದು ನೋಡಿತು.

ನಾಲ್ವರೂ ಮೊಬೈಲಿನ ಬೆಳಕು ಹಿಡಿದು ಬಾಗಿಲ ಹೊರಗೆ, ಮೆಟ್ಟಿಲ ಪಕ್ಕದ ವಿದ್ಯುತ್ ಮೀಟರಿನ ಮುಂದೆ ನಿಂತರು. ಅದರ ಮೇಲೊಂದು ಚಿಕ್ಕ ಕೆಂಪು ದೀಪ, ಕರೆಂಟು ಹರಿದಷ್ಟೂ ಬೇಗಬೇಗ ಮಿನುಗುವಂಥದ್ದು. ಇಡೀ ಮನೆ ಕತ್ತಲಾಗಿದ್ದರೂ ಆ ದೀಪ ಬಿಡದೆ ಕಣ್ಣು ಹೊಡೆಯುತ್ತಿತ್ತು.

"ಯಾರಪ್ಪ ಇನ್ನೂ ಕುಡೀತಿರೋದು?" ಎಂದರು ಚಿಕ್ಕಮ್ಮ.

ಒಳಗಿನಿಂದ, ತಾನೇ ಎಂದು ಒಪ್ಪಿಕೊಂಡ ಹಾಗೆ, ಹುಂ ಎಂಬ ಸದ್ದು ಬರುತ್ತಲೇ ಇತ್ತು.

"ಅದನ್ನ ನಲ್ಲಿ ಅನ್ನೋಕಾಗಲ್ಲ," ಎಂದ ಪ್ಲಂಬರ್, ತನಗೇ ಕೇಳಿಸದ ದನಿಯಲ್ಲಿ. "ಅದು... ಟ್ಯಾಂಕು."

"ರೀ," ಎಂದಳು ಹೆಂಡತಿ. ಊಟದ ಮೇಜಿನಿಂದ ಇಲ್ಲಿಯವರೆಗೆ ಅವಳು ಆಡಿದ ಮೊದಲ ಮಾತು. "ಮುಚ್ಚಿ ಅದನ್ನ."

ಅವನು ಒಳಗೆ ಹೋದ. ಪರದೆಯ ಮೇಲಿನ ಆ ಸಾಲನ್ನು ಕೊನೆಯ ಸಲ ನೋಡಿದ. ಗುಂಡಿ ಒತ್ತಿದ. ದೊಡ್ಡವರು ಒಂದೊಂದೇ ಬಾಗಿಲು ಹಾಕಿಕೊಂಡ ಹಾಗೆ, ಡಿಸ್ಕುಗಳು ಒಂದಾದ ಮೇಲೊಂದು ನಿಂತು, ಫ್ಯಾನುಗಳು ದೀರ್ಘವಾಗಿ ಉಸಿರು ಬಿಟ್ಟು ಸುಮ್ಮನಾದವು. ಆ ಮನೆಯಲ್ಲಿ ಅಷ್ಟು ಮೌನ ಯಾವತ್ತೂ ಇರಲಿಲ್ಲ. ಪಕ್ಕದ ಮನೆಯವರ ಗಡಿಯಾರ ಕೂಡ ಕೇಳಿಸಿತು.

"ಅಪ್ಪಾ! ದೀಪ ನಿಂತೇ ಹೋಯ್ತು!" ಎಂದು ಮಗಳು ಹೊರಗಿನಿಂದ ಕೂಗಿದಳು. ಸಂತೋಷ ಅಡಗಿಸಿಕೊಳ್ಳುವಷ್ಟು ಸೌಜನ್ಯ ಅವಳಿಗಿರಲಿಲ್ಲ.

ಇನ್ನು ಅಳೆಯುವುದಕ್ಕೆ ಅಡ್ಡಿಯೇನಿದೆ? ಆದರೆ ಯಂತ್ರವನ್ನು ಮತ್ತೆ ಎಬ್ಬಿಸಲು ಅವನಿಗೆ ಧೈರ್ಯವಾಗಲಿಲ್ಲ. "ನಾಳೆ ನೋಡೋಣ," ಎಂದು ಚಿಕ್ಕಮ್ಮನ ಅಪ್ಪಣೆಯಂತೆ ಹೀಟರ್, ಪಂಪು ಮತ್ತೆ ಹಾಕಿ, ಮೀಟರನ್ನು ಮೀನಿನ ತೊಟ್ಟಿಗೇ ಸಿಕ್ಕಿಸಿದ. ಈ ಸಲ ಹತ್ತು ನಿಮಿಷಕ್ಕಲ್ಲ, ಒಂದು ಪೂರ್ತಿ ದಿನಕ್ಕೆ.

ಶನಿವಾರ ಬೆಳಗ್ಗೆ ಅವನು ಕೆಲಸಕ್ಕೆ ಹೋಗಲಿಲ್ಲ. ಸರ್ವರ್ ಇಲ್ಲದ ಮನೆಯಲ್ಲಿ ಹಾಹಾಕಾರ ಏಳುತ್ತದೆ, ತಾನಿರಬೇಕು ಎಂದುಕೊಂಡ. ಏಳಲಿಲ್ಲ. ಹೆಂಡತಿ ಮೊಬೈಲಿನಲ್ಲಿ ಹಾಡು ಕೇಳುತ್ತ ಅಂಗಡಿಗೆ ಹೊರಟಳು. ಮಗಳು ಮೊಬೈಲಿನಲ್ಲಿ ಏನನ್ನೋ ನೋಡಿ ನಗುತ್ತ ಸೋಫಾದ ಮೇಲೆ ಉರುಳಿದಳು.

"ಏನಾದರೂ ತೊಂದರೆ ಆಗ್ತಿದೆಯಾ?" ಎಂದು ಕೇಳಿದ, ಆಸೆಯಿಂದ.

"ಯಾಕೆ? ಏನಾಗಬೇಕಿತ್ತು?"

ಮಧ್ಯಾಹ್ನದವರೆಗೆ ಒಬ್ಬರೂ ದೊಡ್ಡವರನ್ನು ಕೇಳಲಿಲ್ಲ. ಅವನು ಸಾಮಾನು ಕೋಣೆಯ ಹೊಸ್ತಿಲಲ್ಲಿ ಕೂತು, ಗೋಡೆಯುದ್ದಕ್ಕೂ ತಾನು ಕ್ಲಿಪ್ಪು ಹೊಡೆದ ಕೇಬಲನ್ನು ನೋಡಿದ. ಇಡೀ ಬಡಾವಣೆಗೆ ನೀರು ಹೋಗುವಷ್ಟು ದೊಡ್ಡ ಪೈಪು ಹಾಕಿ, ತುದಿಯಲ್ಲಿ ಒಂದು ಬಕೆಟ್ ಕೂಡ ಇಡದೆ ಹೋದ ಗುತ್ತಿಗೆದಾರ ಯಾರಾದರೂ ಇದ್ದರೆ ಅವನನ್ನು ಇವನೇ ಎಷ್ಟು ಗೇಲಿ ಮಾಡುತ್ತಿದ್ದನೋ.

ನಾಲ್ಕು ಗಂಟೆಗೆ ಓಣಿಯ ಕೊನೆಯ ಬಾಗಿಲು ತೆರೆಯಿತು.

"ಅಳಿಯಂದಿರೇ! ನನ್ನ ಪತ್ತೇದಾರ ಎಲ್ಲಿ? ಟಿವೀಲಿ ಏನೂ ಸಿಗ್ತಿಲ್ಲ ಅಂತ ಬರ್ತಿದೆ. ಹೆಣ ಬಾವಿಗೆ ಯಾರು ಹಾಕಿದ್ದು ಅಂತ ಇವತ್ತು ಗೊತ್ತಾಗೋದಿತ್ತು!"

ಪ್ಲಂಬರ್ ತಲೆಯೆತ್ತಿ ಅವರನ್ನೇ ನೋಡಿದ. ಹಳೆಯ ಪತ್ತೇದಾರಿ ಧಾರಾವಾಹಿಗಳನ್ನು ಅವನೇ ಹುಡುಕಿ ತುಂಬಿಟ್ಟಿದ್ದ. ಚಿಕ್ಕಮ್ಮ ದಿನಾ ನಾಲ್ಕು ಗಂಟೆಗೆ ಟೀ ಹಿಡಿದುಕೊಂಡು, ಮೀನುಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡುತ್ತಿದ್ದರು. ನಡುವೆ ಒಮ್ಮೆಯೂ ಚಿತ್ರ ನಿಂತದ್ದಿಲ್ಲ ಎಂದು ಡಿಪೋದ ಹಳೆಯ ಗೆಳತಿಯರಿಗೆ ಫೋನಿನಲ್ಲಿ ಹೊಗಳುತ್ತಲೂ ಇದ್ದರು. ಶವಪೆಟ್ಟಿಗೆಯಷ್ಟು ಉದ್ದದ ಆ ಯಂತ್ರಕ್ಕೆ, ಆ ಕೇಬಲಿಗೆ, ಆ ಸೊಂಟನೋವಿಗೆ, ಜಗತ್ತಿನಲ್ಲಿ ಇದ್ದ ಗಿರಾಕಿ ಇವರೊಬ್ಬರೇ. ಆ ಗಿರಾಕಿಯನ್ನೇ ಅವನು ಟ್ರಂಕು ಸಮೇತ ಹೊರಗೆ ಕಳಿಸುತ್ತಿದ್ದ.

ಎದ್ದು ಹೋಗಿ ತೊಟ್ಟಿಯ ಮೀಟರ್ ನೋಡಿದ. ದಿನ ತುಂಬುತ್ತ ಬಂದಿದ್ದರೂ ಒಂದೂವರೆ ಯೂನಿಟ್ಟೂ ಆಗಿರಲಿಲ್ಲ. ನೀರು ಬೆಚ್ಚಗಾದ ಕೂಡಲೆ ಹೀಟರ್ ತಾನೇ ಆರುತ್ತದೆ, ತಣ್ಣಗಾದರೆ ಮಾತ್ರ ಹೊತ್ತುತ್ತದೆ. ಅವನು ಅಳೆದದ್ದು ಹೊತ್ತಿದ್ದ ಹತ್ತು ನಿಮಿಷವನ್ನು. ಬಸ್ಸು ಏರುದಾರಿಯಲ್ಲಿ ಕುಡಿದ ಡೀಸೆಲ್ಲನ್ನು ಇಡೀ ದಿನಕ್ಕೆ ಗುಣಿಸಿದ ಹಾಗೆ.

ಆ ಮೀಟರನ್ನೇ ಕಿತ್ತು ತಂದು, ದೊಡ್ಡವರ ವೈರಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ ಗುಂಡಿ ಒತ್ತಿದ. ಫ್ಯಾನುಗಳು ಕಿರುಚಿದವು. ಒಂದು ಹಸಿರು ದೀಪ, ಎರಡು, ಮೂರು. ನಾಲ್ಕನೆಯದು ಹಳದಿಯಾಗಿ ಹೊತ್ತಿ ಹಾಗೇ ನಿಂತಿತು.

ಬಾಗಿಲಲ್ಲಿ ಚಿಕ್ಕಮ್ಮ. "ಯಾರು ಹೋದರು?"

"ನಾಲ್ಕನೇ ಡಿಸ್ಕು, ಚಿಕ್ಕತ್ತೆ."

"ಪಾಪ. ರಜಾ ಕೊಡದೆ ದುಡಿಸಿದರೆ ಇನ್ನೇನಾಗುತ್ತೆ? ಒಳಗಿದ್ದದ್ದು?"

"ಏನೂ ಹೋಗಿಲ್ಲ. ಒಬ್ಬ ಸತ್ತರೂ ಉಳಿದ ಮೂವರು ಸೇರಿ ಅವನ ಪಾಲು ಹೇಳಬಲ್ಲರು, ಹಾಗೆ ಜೋಡಿಸಿದ್ದೀನಿ."

ಮೀಟರ್ ಇನ್ನೂರ ಹತ್ತು ವ್ಯಾಟ್ ತೋರಿಸುತ್ತಿತ್ತು. ಅವನು ಕಾದ. ಇಳಿಯಲಿಲ್ಲ. ಹೀಟರಿನ ಹಾಗೆ ನಡುನಡುವೆ ಆರುವಂಥದ್ದಲ್ಲ ಇದು. ಯಾರಾದರೂ ನೋಡಲಿ ಬಿಡಲಿ, ಇದು ಇಷ್ಟನ್ನು ಕುಡಿಯುತ್ತಲೇ ಇರುತ್ತದೆ. ದಿನಕ್ಕೆ ಐದು ಯೂನಿಟ್. ಈ ಸಲ ಗುಣಿಸಿದ್ದು ತಪ್ಪಿರಲಿಲ್ಲ.

"ಚಿಕ್ಕತ್ತೆ, ತಪ್ಪು ನಂದು," ಎಂದ. "ಕಳ್ಳ ನನ್ನ ಕೋಣೇಲೇ ಇದ್ದ. ನೀವು ಹೋಗಬೇಡಿ."

"ಅಲ್ಲಪ್ಪ, ನಿರ್ದೋಷಿ ಅಂತ ತೀರ್ಪು ಬಂದ ಮೇಲೂ ಯಾರಾದರೂ ಜೈಲಲ್ಲೇ ಉಳೀತಾರಾ? ನಾಳೆ ವ್ಯಾನ್ ಬರುತ್ತೆ."

ಅವರ ಮುಖದಲ್ಲಿ ನಗು ಇರಲಿಲ್ಲ. ಪ್ಲಂಬರನಿಗೆ ಅಡಿಗೆಮನೆಯ ಆ ನೀರಿನ ಸದ್ದು ನೆನಪಾಗಿ ಹೆದರಿಕೆಯಾಯಿತು.

"ಹಾಗಾದರೆ ಇದನ್ನೂ ವ್ಯಾನಿಗೆ ಹಾಕಿಕೊಂಡು ಹೋಗಿ," ಎಂದ, ದೊಡ್ಡವರ ತಲೆಯ ಮೇಲೆ ಕೈಯಿಟ್ಟು. "ನೀವು ಹೋದ ಮೇಲೆ ಈ ಮನೇಲಿ ಇದನ್ನ ಕೇಳೋರು ಯಾರಿದ್ದಾರೆ? ನಿನ್ನೆ ಸಂಜೆಯಿಂದ ಸತ್ತು ಬಿದ್ದಿತ್ತು. ನಿಮ್ಮನ್ನ ಬಿಟ್ಟು ಒಬ್ಬರೂ ಬಂದು ವಿಚಾರಿಸಲಿಲ್ಲ."

ಚಿಕ್ಕಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. ತಡವಾಗಿ ಬಂದ ಡ್ರೈವರಿಗೆ ವೇಳೆ ಬರೆಯಬೇಕೋ ಬಿಡಬೇಕೋ ಎಂದು ಯೋಚಿಸುವಾಗ ಹೀಗೇ ನೋಡುತ್ತಿದ್ದರೇನೋ.

"ಒಂದು ಷರತ್ತು," ಎಂದರು ಕೊನೆಗೆ. "ಇದರ ಸ್ವಿಚ್ಚು ನನ್ನ ಕೋಣೇಲಿ ಇರಬೇಕು. ಕೆಲಸ ಇದ್ದಾಗ ಎಬ್ಬಿಸ್ತೀನಿ, ಮುಗಿದ ಮೇಲೆ ಮಲಗಿಸ್ತೀನಿ. ಎಷ್ಟು ದಿನ ಎದ್ದಿತ್ತು ಅಂತ ಇನ್ನೊಮ್ಮೆ ಈ ಮನೇಲಿ ಯಾರ ಬಾಯಲ್ಲೂ ಬರಕೂಡದು."

ಅವನ ಮುಖ ಒಂದು ಕ್ಷಣ ಬಾಡಿತು. ಆಮೇಲೆ ಅಳತೆ ಟೇಪು ತರಲು ಎದ್ದ.

ಭಾನುವಾರ ಬಂದ ವ್ಯಾನಿನವನಿಗೆ ಟೀ ಕೊಟ್ಟು ವಾಪಸ್ಸು ಕಳಿಸಿದರು. ಅವನು ಕುಡಿಯುತ್ತಿದ್ದಷ್ಟು ಹೊತ್ತೂ ಪ್ಲಂಬರ್ ಏಣಿಯ ಮೇಲಿದ್ದ. ಯಂತ್ರದ ಗುಂಡಿಯಿಂದ ಒಂದು ತೆಳು ವೈರು ಎಳೆದು, ಓಣಿಯುದ್ದಕ್ಕೂ ಕ್ಲಿಪ್ಪು ಹೊಡೆದು, ಮೀನಿನ ತೊಟ್ಟಿಯ ಪಕ್ಕದ ಗೋಡೆಗೆ ಕರೆಗಂಟೆಯ ಸ್ವಿಚ್ಚೊಂದನ್ನು ಕೂರಿಸಿದ. ಒಮ್ಮೆ ಒತ್ತಿದರೆ ಏಳುತ್ತದೆ. ಇನ್ನೊಮ್ಮೆ ಒತ್ತಿದರೆ ಎಲ್ಲ ಸರಿಯಾಗಿ ಎತ್ತಿಟ್ಟು ಮಲಗುತ್ತದೆ. ಹೆಂಡತಿ ಏಣಿ ಹಿಡಿದು ನಿಂತಿದ್ದಳು. ಅವನು ಇಳಿಯುವಾಗ ಸೊಂಟಕ್ಕೆ ಕೈ ಕೊಟ್ಟಳು.

ಅದಾಗಿ ಒಂದು ವಾರಕ್ಕೆ ಅವನ ಗೆಳೆಯ, ವೆಲ್ಡಿಂಗ್ ಮಾಡುವವನು, ಮನೆಗೆ ಬಂದ. ನೆಟ್‌ವರ್ಕಿನ ವೇಗ ತೋರಿಸುತ್ತೇನೆಂದು ಪ್ಲಂಬರನೇ ಕರೆದಿದ್ದ. ಗೆಳೆಯನನ್ನು ಸೋಫಾದಲ್ಲಿ ಕೂರಿಸಿ ಓಣಿಯ ಕೊನೆಗೆ ಹೋಗಿ ಬಾಗಿಲು ತಟ್ಟಿದ.

"ಚಿಕ್ಕತ್ತೆ, ದೊಡ್ಡವರನ್ನ ಸ್ವಲ್ಪ ಎಬ್ಬಿಸ್ತೀರಾ?"

"ಏನು ಕೆಲಸ?"

"ಕೆಲಸ ಅಂತಲ್ಲ. ಸುಮ್ಮನೆ ತೋರಿಸೋಣ ಅಂತ."

"ಸುಮ್ಮನೆ ಅಂದ್ರೆ?"

"ಒಂದು ಸಿನಿಮಾನ ಈ ಕೋಣೆಯಿಂದ ಆ ಕೋಣೆಗೆ ಕಳಿಸೋದು."

"ಕಳಿಸಿ?"

ಚಿಕ್ಕಮ್ಮ ಮೀನಿನ ಆಹಾರದ ಡಬ್ಬಿಯನ್ನು ಅವನ ಕೈಗೆ ಕೊಟ್ಟರು.

"ಚಿಟಿಕೆ ಚಿಟಿಕೆ ಹಾಕ್ತಾ ಇರಿ. ಮ್ಯಾನೇಜರಿಗೆ ಜಾಸ್ತಿ ಬೇಡ. ಇವರ ಊಟ ಮುಗೀಲಿ, ಆಮೇಲೆ ಯೋಚನೆ ಮಾಡೋಣ."

ಪ್ಲಂಬರ್ ಸ್ಟೂಲು ಎಳೆದುಕೊಂಡು ಕೂತ. ಸೋಫಾದಿಂದ ಗೆಳೆಯ ಕೂಗಿದ: "ಏನಯ್ಯಾ, ಎಷ್ಟು ಹೊತ್ತು? ವೇಗ ಅಂದಿದ್ದೆ!"

"ಬಂದೆ ಇರಪ್ಪ," ಎಂದ ಪ್ಲಂಬರ್, ಒಂದು ಚಿಟಿಕೆ ಹಾಕುತ್ತ. "ಇನ್ನೂ ಅಪ್ಪಣೆ ಆಗಿಲ್ಲ."